ಭಾವನ ಉಗ್ರಾಣದಲ್ಲಿ ಇವತ್ತು ಸಿಗುವುದಿಲ್ಲ

ನನ್ನ ಭಾವನಿಗೆ ‘ಇವತ್ತು’ ಅನ್ನುವುದೇ ಇಲ್ಲ! ಸುಳ್ಳಲ್ಲ ಮಾರಾಯ್ರೆ. ಬೆಳಿಗ್ಗೆ ಎದುರು ಸಿಕ್ಕಾಗ “ಆಸ್ರಿ ಆತಾ ಭಾವ?” ಎಂದು ತಿಂಡಿಯ ವಿಚಾರ ಕೇಳಿದರೆ, “ನಿನ್ನೆದು ಆಜು. ಇವತ್ತಿಂದು ನಾಳೆ ಹೇಳ್ತೆ” ಎನ್ನುತ್ತಾನೆ. ಹೇಳಿ ನಗುವುದೂ ಇಲ್ಲ. ನಕ್ಕಿದ್ದರೆ ತಮಾಷೆ ಅಂದುಕೊಂಡು ಬಿಡಬಹುದಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ನಾವಿಬ್ಬರೂ ಶಿರಸಿಯ ಒಂದು ಹಾಲಿನ ಸಂಘದ ಕಚೇರಿಯಲ್ಲಿದ್ದೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನ ನಮ್ಮ ಸದಸ್ಯರ ದನಗಳ ಜಾತಕ ಭಾವನ ಕಂಪ್ಯೂಟರಿನಲ್ಲಿದೆ. ಯಾವುದು ಎಷ್ಟು ಕರು ಹಾಕಿತು, ಯಾವುದಕ್ಕೆ ಕೆಚ್ಚಲು ಬಾವು ಬಂದಿತ್ತು, ಯಾವುದು ಯಾವ ಡಾಕ್ಟರಿಗೆ ಒದ್ದಿತು, ಎಲ್ಲ! ದಿನದ ಕೆಲಸ ಮುಗಿದ ಮೇಲೆ ಹಳ್ಳಿಗಳಿಂದ ಬಂದ ಮಾಹಿತಿಯನ್ನು, ಡಾಕ್ಟರುಗಳ ಮರುದಿನದ ಪಾಳಿಯನ್ನು ಅಕ್ಕಿ ಆರಿಸಿದ ಹಾಗೆ ಆರಿಸಿ ಒಳಗಿಡುತ್ತಾನೆ. ಓದಿದವರು ಅದನ್ನು ಡೇಟಾ ವೇರ್‌ಹೌಸ್ ಎನ್ನುತ್ತಾರಂತೆ. ಭಾವ ಉಗ್ರಾಣ ಎನ್ನುತ್ತಾನೆ.

ನನ್ನದು ಅವನ ಎದುರಿನ ಮೇಜು, ಫೋನಿನ ಮೇಜು. ದನಕ್ಕೆ ಹುಷಾರಿಲ್ಲ ಎಂದು ಹಳ್ಳಿಯಿಂದ ಫೋನು ಬಂದರೆ, ಹತ್ತಿರದಲ್ಲಿರುವ ಡಾಕ್ಟರನ್ನು ಅಲ್ಲಿಗೆ ಅಟ್ಟುವುದು ನನ್ನ ಕೆಲಸ. ಇರುವುದು ನಾಲ್ಕೇ ಡಾಕ್ಟರು, ನಾಲ್ಕೇ ಜೀಪು, ಸುತ್ತಬೇಕಾದ್ದು ಮೂರು ತಾಲೂಕಿನ ಗುಡ್ಡ! ಯಾರು ಎಲ್ಲಿದ್ದಾರೆ ಎನ್ನುವುದು ನನಗೆ ತಪ್ಪಿದರೆ ಯಾರದೋ ಕೊಟ್ಟಿಗೆ ಖಾಲಿಯಾಗುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ನಾಲ್ವರಿಗೂ ಫೋನು ಮಾಡಿ, ಪುಸ್ತಕದಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಒಂದು ಕಿವಿಯಲ್ಲಿ ನಿಲ್ಕುಂದದ ಫೋನು, ಇನ್ನೊಂದರಲ್ಲಿ ವಾನಳ್ಳಿಯದು. ಕುರ್ಚಿ ಯಾತಕ್ಕೆ ಕೊಟ್ಟಿದ್ದಾರೋ, ಕೂತಿದ್ದೇ ನೆನಪಿಲ್ಲ.

“ಭಾವ, ಎಲ್ಲಾ ನಿನ್ನ ಉಗ್ರಾಣದಲ್ಲೇ ಇದ್ದಲಾ? ಇವತ್ತು ಯಾವ ಡಾಕ್ಟ್ರು ಎಲ್ಲಿದ್ದ ಹೇಳಿ ಅಲ್ಲೇ ತೋರ್ಸಲೆ ಆಗ್ತಿಲ್ಯಾ?”

“ಆಗ್ತಿಲ್ಲೆ.”

“ಎಂತಕ್ಕೆ?”

“ಉಗ್ರಾಣದಿಂದ ಸೀದಾ ಎಲೆಗೆ ಬಡಸ್ತ್ವಾ ತಂಗಿ?”

ಇದು ಬರೀ ಬಾಯಿಮಾತಲ್ಲ. ನಮ್ಮ ಕಡೆ ಮದುವೆಮನೆಯಲ್ಲಿ ಉಗ್ರಾಣಕ್ಕೆ ಅಂತ ಒಬ್ಬರನ್ನು ಕೂರಿಸುತ್ತಾರಲ್ಲ, ಚಿಕ್ಕಪ್ಪನ ಮಗಳ ಮದುವೆಯಲ್ಲಿ ಭಾವನನ್ನು ಕೂರಿಸಿದರು. ಕೂರಿಸಿದವರ ಬುದ್ಧಿಗೆ ಏನೆನ್ನಲಿ! ಪಂಕ್ತಿಯ ಮಧ್ಯೆ ತುಪ್ಪ ಮುಗಿಯಿತು. ಬಡಿಸುವವರು ಖಾಲಿ ಮಿಳ್ಳೆ ಹಿಡಿದು ಓಡಿ ಬಂದರೆ ಭಾವ ಬಾಗಿಲಿಗೆ ಅಡ್ಡ ನಿಂತ. “ಅಡುಗೆಯವರ ಹತ್ರ ಕೇಳು. ಇಲ್ಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಂಕ್ತಿಗೆ.” ತುಪ್ಪದ ಡಬ್ಬಿ ಹಿಂದೆಯೇ ಕಾಣುತ್ತಿದೆ! ಮದುಮಗನ ಅಪ್ಪ ಹೋಳಿಗೆ ಮುಂದಿಟ್ಟುಕೊಂಡು ಕೈ ತಡೆದು ಕೂತಿದ್ದಾರೆ. ಕೊನೆಗೆ ಅಕ್ಕ ಬಂದು ಕಣ್ಣು ಬಿಟ್ಟ ಮೇಲೆ ತುಪ್ಪ ಹೊರಟಿತು. ಆದರೂ ಅಡುಗೆಮನೆ ಸುತ್ತಿಕೊಂಡೇ ಹೋಯಿತು. ಅಷ್ಟರಲ್ಲಿ ಮಜ್ಜಿಗೆ ಬಡಿಸಿಯಾಗಿತ್ತು.

ಇಂಥವನ ಜೊತೆ ಎಷ್ಟು ದಿನ ಗುದ್ದಾಡುವುದು? ನಾನು ಮ್ಯಾನೇಜರ್ ಸಾಹೇಬರ ಹತ್ತಿರ ಹೋದೆ. ಅವರು ಹಾವೇರಿ ಕಡೆಯವರು, ರಗಳೆ ಅಂದರೆ ಆಗದು. “ಅಷ್ಟು ದೊಡ್ಡ ಮಷಿನ್ ಐತಿ, ಇವತ್ತಿಂದೂ ತೋರಿಸ್ಲಿ ಬಿಡ್ರಿ” ಎಂದರು. ಗೆದ್ದೆ! ವಾರದೊಳಗೆ ನನ್ನ ಮೇಜಿಗೆ ಒಂದು ಪರದೆ ಬಂತು. ಡಾಕ್ಟರು, ಊರು, ಹೊತ್ತು, ಎಲ್ಲ ಸಾಲಾಗಿ. ಭಾವ ಕಚೇರಿ ತುಂಬ ಶತಪಥ ತಿರುಗಿದ. ನಾಲ್ಕು ಹೆಜ್ಜೆಗೊಮ್ಮೆ ನನ್ನ ಮೇಜಿನ ಹತ್ತಿರ ನಿಲ್ಲುವುದು, ಪರದೆ ನೋಡುವುದು, ಮತ್ತೆ ತಿರುಗುವುದು.

“ತಂಗಿ, ಅದು ನಿನ್ನೆ ಸಂಜೆ ಬರೆದಿಟ್ಟ ಇವತ್ತು. ಪೂರಾ ನಂಬಡ.”

“ನಿಂಗೆ ಹೊಟ್ಟೆಕಿಚ್ಚು” ಎಂದು ನಕ್ಕೆ. ಬೆಳಗಿನ ಫೋನುಗಳನ್ನು ನಿಲ್ಲಿಸಿಬಿಟ್ಟೆ. ಜೀವಮಾನದಲ್ಲಿ ಮೊದಲ ಬಾರಿಗೆ ಕೂತು ಚಾ ಕುಡಿದೆ.

ಹದಿನೈದು ದಿನವೂ ಆಗಲಿಲ್ಲ. ಹೆಗ್ಗರಣೆಯಿಂದ ಒಬ್ಬ ಹೆಂಗಸು ಫೋನು ಮಾಡಿದಳು. ಅವಳಿಗಿರುವುದು ಒಂದೇ ದನ. “ಅಮ್ಮಾ, ಕರು ಕಾಲು ಕಾಣ್ತದೆ, ಮುಂದೆ ಬರೋದೇ ಇಲ್ಲ. ದನ ಕಣ್ಣು ಮುಚ್ತಾ ಇದೆ.” ಪರದೆ ನೋಡಿದೆ. ಡಾಕ್ಟರು ಪಕ್ಕದ ಸಿದ್ದಾಪುರದಲ್ಲೇ ಇದ್ದಾರೆ! ಅವರ ಮೊಬೈಲಿಗೆ ಮೆಸೇಜು ಹಾಕಿ, “ಹೆದರಬೇಡ, ಈಗ ಬರ್ತಾರೆ” ಎಂದೆ.

ಒಂದು ತಾಸು ಬಿಟ್ಟು ಮತ್ತೆ ಅವಳೇ. “ಯಾರೂ ಬರಲಿಲ್ಲ ಅಮ್ಮಾ.” ವಿಚಾರಿಸಿದರೆ, ಆ ಡಾಕ್ಟರು ಬೆಳಿಗ್ಗೆ ಪಾಳಿ ಬದಲಿಸಿಕೊಂಡು ಯಲ್ಲಾಪುರದ ಕಾಡು ಸೇರಿದ್ದರು. ಮೆಸೇಜು ತಲುಪಿರಲೇ ಇಲ್ಲ. ಬೆಳಿಗ್ಗೆ ಒಂದು ಫೋನು ಮಾಡಿದ್ದರೆ ಗೊತ್ತಾಗುತ್ತಿತ್ತು.

“ಭಾವಾ!” ಎಂದು ಕೂಗಿದೆ. ಭಾವ ಎದ್ದು ಬಂದ. ಆ ದನದ ಹಳೇ ಹಾಳೆ ತೆಗೆದ, ಉಳಿದ ಡಾಕ್ಟರುಗಳಿಗೆ ಒಬ್ಬೊಬ್ಬರಿಗೇ ಫೋನು ತಿರುಗಿಸಿದ. ವಾನಳ್ಳಿಯಲ್ಲಿ ಲಸಿಕೆ ಹಾಕುತ್ತಿದ್ದ ಡಾಕ್ಟರು ಸಿಕ್ಕರು. “ಹಿಂದಿನ ಎರಡು ಸಲವೂ ಕರುವಿನ ತಲೆ ಹಿಂದಕ್ಕೆ ತಿರುಗಿತ್ತು ಡಾಕ್ಟ್ರೇ, ತಯಾರಾಗೇ ಹೋಗಿ” ಎಂದ. ಆಮೇಲೆ ಹೆಗ್ಗರಣೆಗೆ ಫೋನು ಮಾಡಿ, “ಕಾಲು ಹಿಡಿದು ಎಳೀಬೇಡಿ, ಯಾರು ಹೇಳಿದ್ರೂ ಎಳೀಬೇಡಿ” ಎಂದು ಜೀಪು ಮುಟ್ಟುವ ತನಕ ನಿಂತೇ ಹೇಳುತ್ತಿದ್ದ.

ದನ ಬದುಕಿತು. ಕರು ಬದುಕಲಿಲ್ಲ.

“ದನ ಉಳೀತಲ್ಲ ಅಮ್ಮಾ, ಅಷ್ಟು ಸಾಕು” ಎಂದಳು ಅವಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಆ ದನದ ಹಾಳೆ ತೆಗೆದು ನೋಡಿದೆ. ನನ್ನ ತಪ್ಪು ಅಲ್ಲಿ ಶಾಶ್ವತವಾಗಿ ಕೂತಿರುತ್ತದೆ ಎಂದು ಗೊತ್ತಿತ್ತು. ಯಾವುದೋ ಕರುವಿನ ಬಣ್ಣ ತಪ್ಪಾಗಿ ಬರೆದಿದೆಯೆಂದು ಯಲ್ಲಾಪುರಕ್ಕೆ ಬಸ್ಸು ಹತ್ತಿ ಹೋಗಿ ನೋಡಿಬಂದ ಮನುಷ್ಯ ನನ್ನ ಭಾವ, ನನ್ನನ್ನು ಬಿಡುತ್ತಾನೆಯೇ? ಹಾಳೆಯಲ್ಲಿ ಹೀಗಿತ್ತು: ‘ಒಂದು ತಾಸು ತಡ. ಕಾರಣ: ಕಂಪ್ಯೂಟರ್ ನೋಡಿಕೊಳ್ಳುವವನ ತಪ್ಪು.’ ಕೆಳಗೆ ಭಾವನ ಹೆಸರು.

“ಭಾವ, ಇದು ಸುಳ್ಳು. ತಪ್ಪು ನಂದು.”

ಅವನು ತಲೆ ಎತ್ತಲಿಲ್ಲ. “ಅಲ್ಲಿ ಜಾಗ ಇಪ್ಪದು ಒಂದೇ ಹೆಸರಿಗೆ ತಂಗಿ” ಎಂದ.

ನನಗೆ ಅಳು ಬಂದುಬಿಟ್ಟಿತು. ಈ ಮನುಷ್ಯನನ್ನು ನಾನು ಎಷ್ಟು ಆಡಿಕೊಂಡು ನಕ್ಕಿದ್ದೆ! ಫೋನು ಎತ್ತಿಕೊಂಡೆ. ಮೂಗು ಒರೆಸಿಕೊಳ್ಳುತ್ತಲೇ ಮೊದಲನೇ ಡಾಕ್ಟರನ್ನು ಕೇಳಿದೆ, “ಈಗ ಎಲ್ಲಿದ್ದೀರಿ?”