ಆಮೆಯ ಹೊಟ್ಟೆಗೆ ಹೊದಿಕೆ

ಹೊಲಿಗೆ ಕಾರ್ಖಾನೆಯ ಮ್ಯಾನೇಜರರ ಇಸ್ತ್ರಿ ಪ್ಯಾಂಟು ಮೊಣಕಾಲಿನವರೆಗೆ ನೆನೆಯದೆ ಹೋಗಿದ್ದರೆ ದೋಣಿಯಣ್ಣನ ಆ ಶನಿವಾರವೂ ಉಳಿದ ಶನಿವಾರಗಳಂತೆ ಬೀಡಿ ಸೇದುತ್ತ ಸುಖವಾಗಿ ಕಳೆದುಹೋಗುತ್ತಿತ್ತು.

ಅವನ ದೋಣಿ ಪಾಂಟೂನ್ ಜಾತಿಯದು. ಹೆಸರು ಕೇಳಿ ಯಾರೂ ಬೆರಗಾಗಬೇಕಿಲ್ಲ. ಗಾಳಿ ತುಂಬಿದ ಎರಡು ಉದ್ದನೆಯ ಲೋಹದ ಕೊಳವೆಗಳು, ಅವಕ್ಕೆ ಅಡ್ಡಲಾಗಿ ತೊಲೆಗಳು, ತೊಲೆಗಳ ಮೇಲೆ ಹಲಗೆಯ ಹಾಸು, ಹಾಸಿನ ಮೇಲೆ ಬೆಂಚು, ಹಿಂದುಗಡೆ ಸದಾ ಕೆಮ್ಮುವ ಒಂದು ಎಂಜಿನ್ನು. ಊರಿನವರು ಅದನ್ನು 'ಆಮೆ' ಎನ್ನುತ್ತಿದ್ದರು. ಆಮೆಗಾದರೂ ಹೊಟ್ಟೆಯ ಕೆಳಗೆ ಚಿಪ್ಪಿರುತ್ತದೆ. ಇದರ ತಳ ಬೋಳು. ಅಲೆ ಬಂದು ಬರಿಯ ತೊಲೆಗಳಿಗೆ ಬಡಿಯುತ್ತಿತ್ತು, ಬಡಿದ ನೀರು ಹಲಗೆಗಳ ಸಂದಿನಿಂದ ಮೇಲಕ್ಕೆ ಚಿಮ್ಮುತ್ತಿತ್ತು. ಹಳೆಯ ಪ್ರಯಾಣಿಕರು ಬೆಂಚಿನ ಮೇಲೆ ಕಾಲು ಮಡಚಿ ಕೂರುವ ವಿದ್ಯೆ ಕಲಿತಿದ್ದರು. ಮ್ಯಾನೇಜರರು ಹೊಸಬರು, ಓದಿದವರು. ಕಾಲು ಕೆಳಗೆ ಬಿಟ್ಟು ಕೂತರು.

"ನೋಡಪ್ಪಾ," ಆಚೆ ದಡದಲ್ಲಿ ಪ್ಯಾಂಟು ಹಿಂಡುತ್ತ ಅವರು ಹೇಳಿದರು, "ಸೋಮವಾರದಿಂದ ನಮ್ಮ ಕೆಲಸದವರನ್ನೆಲ್ಲ ನಿನ್ನ ದೋಣೀಲೇ ಕರೆಸ್ಕೊಳ್ಳೋಣ ಅಂತಿದ್ದೆ. ಹೀಗೆ ನೆಂದು ಬಂದ್ರೆ ಅವರನ್ನ ಮಿಶಿನ್ ಮುಂದೆ ಕೂರಿಸ್ಲೋ, ಹಗ್ಗದ ಮೇಲೆ ಒಣಗ್ಹಾಕ್ಲೋ? ಸಂಜೆ ಇನ್ನೊಂದು ಸಲ ಬರ್ತೀನಿ. ನನ್ನ ಮೇಲೆ ಒಂದು ಹನಿ ಬಿದ್ರೂ ಕೆಲಸ ಬಸ್ಸಿನವನಿಗೆ."

ದೋಣಿಯಣ್ಣನಿಗೆ ಇದು ಸಣ್ಣ ಮಾತಾಗಿರಲಿಲ್ಲ. ಕೆರೆ ಸುತ್ತಿ ಬಸ್ಸು ಓಡಾಡತೊಡಗಿದ ಮೇಲೆ ಆಮೆಯನ್ನು ಹತ್ತುವವರು ಕಡಿಮೆಯಾಗಿದ್ದರು. ಈ ಕೆಲಸ ಸಿಕ್ಕರೆ ಅವನು ತನ್ನ ದೋಣಿಗೆ ತಾನೇ ಯಜಮಾನ. ಸಿಗದಿದ್ದರೆ ದೋಣಿ ಮಾರಿ ಹೆಂಡತಿಯ ಅಣ್ಣನ ಕೈಕೆಳಗೆ ಸೇರಬೇಕು. ಆ ಭಾವ ಮನೆಗಳ ಸೂರಿಗೆ ತಗಡು ಹೊದಿಸುವವನು. ಕೈಕೆಳಗಿನವರಿಗೆ ತಗಡನ್ನೂ ತನ್ನ ಬುದ್ಧಿವಾದವನ್ನೂ ಒಟ್ಟಿಗೆ ಹೊರಿಸುವವನು. ತಗಡಾದರೆ ಸಂಜೆಗೆ ಇಳಿಸಬಹುದಿತ್ತು.

ಸರಿ, ದೋಣಿಯನ್ನು ದಡಕ್ಕೆಳೆದು ನಾಲ್ಕು ಡ್ರಮ್ಮುಗಳ ಮೇಲೆ ಏರಿಸಿದ್ದಾಯಿತು. ಬೆಲ್ಲ ಇಟ್ಟಲ್ಲಿ ಇರುವೆ ಬರುವುದಕ್ಕೂ ಸ್ವಲ್ಪ ಹೊತ್ತು ಬೇಕು. ದೋಣಿ ಎತ್ತಿದಲ್ಲಿಗೆ ಸಲಹೆಗಾರರು ಅದಕ್ಕೂ ಮೊದಲೇ ಬಂದರು.

"ಏನಣ್ಣಾ, ದೋಣಿಗೆ ಚಡ್ಡಿ ಹೊಲಿಸ್ತಾ ಇದೀಯಂತೆ?" ಎಂದು ಬಡಗಿ ಬಗ್ಗಿ ನೋಡಿದ. "ಹೊಲಿಸೋದಾದ್ರೆ ಪ್ಲೈವುಡ್‌ದೇ ಹೊಲಿಸು. ನನ್ನ ಹತ್ರ ಬೀರು ಮಾಡಿ ಉಳಿದ ಹಲಗೆ ಇದೆ. ನೀರಿಗೆ ಹಾಕು, ಬೆಂಕಿಗೆ ಹಾಕು, ಜಪ್ಪಯ್ಯ ಅನ್ನಲ್ಲ."

ದೋಣಿಯಣ್ಣ ಒಂದು ತುಂಡನ್ನು ನೀರಿಗೆ ಹಾಕಿದ. ಬಡಗಿ ತಾನು ಮಾಡಿದ ಬೀರುಗಳ ಕೀರ್ತಿಯನ್ನು ಹಾಡಿ ಮುಗಿಸುವಷ್ಟರಲ್ಲಿ ಹಲಗೆ ನೀರು ಕುಡಿದು, ಉಬ್ಬಿ, ಹಳೆಯ ಪುಸ್ತಕದ ಹಾಗೆ ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿತು.

"ನಿನ್ನ ಕೆರೆ ನೀರೇ ಸರಿ ಇಲ್ಲ," ಎಂದು ಬಡಗಿ ತೀರ್ಪು ಕೊಟ್ಟ.

ಮುಂದೆ ಹಾರ್ಡ್‌ವೇರ್ ಅಂಗಡಿಯ ಸಾಹುಕಾರರ ಸರದಿ. "ತಳ ತಾನೇ? ಯಾರು ನೋಡ್ತಾರೆ?" ಎಂದು ಅವರು ಒಂದು ನೀಲಿ ತಾಡಪಾಲು ಬಿಚ್ಚಿದರು. ಯಾರೂ ನೋಡದ ವಸ್ತುಗಳನ್ನು ಮಾರುವುದರಲ್ಲಿ ಅವರದು ಎತ್ತಿದ ಕೈ. ತಾಡಪಾಲನ್ನು ತೊಲೆಗಳಿಗೆ ಬಿಗಿದು ದೋಣಿಯನ್ನು ನೀರಿಗಿಳಿಸಿದರು. ಹತ್ತು ಮಾರು ಹೋಗುವುದರೊಳಗೆ ತಾಡಪಾಲಿನಲ್ಲಿ ನೀರು ತುಂಬಿ, ಆಮೆ ತುಂಬು ಗರ್ಭಿಣಿಯಂತೆ ನರಳುತ್ತ ನಿಂತಲ್ಲೇ ನಿಂತಿತು. ಎಳೆದು ದಡಕ್ಕೆ ತರಲು ದೋಣಿಯಣ್ಣ ಎದೆಮಟ್ಟ ನೀರಿಗಿಳಿಯಬೇಕಾಯಿತು. ದಡದಲ್ಲಿದ್ದವರೆಲ್ಲ ಬಾಯಿಂದ ಕೈಜೋಡಿಸಿದರು.

ಅಷ್ಟರಲ್ಲಿ ಹೆಂಡತಿ ಊಟ ತಂದಳು. ಊಟದ ಹಿಂದೆ ಅವಳ ಅಣ್ಣನೂ ಬಂದ.

"ಯಾಕ್ರೀ ಊರೋರನ್ನೆಲ್ಲ ಕೇಳ್ತೀರಿ? ನಮ್ಮಣ್ಣ ಇಲ್ವಾ? ಊರಿನ ಸೂರೆಲ್ಲ ಅವನೇ ಹೊದಿಸಿದ್ದು."

"ಸೂರು ಮೇಲಿರುತ್ತೆ ಕಣೇ. ಇದು ಕೆಳಗಿರೋದು."

"ಮೇಲಾದ್ರೇನು ಕೆಳಗಾದ್ರೇನು? ನೀರು ನೀರೇ ಅಲ್ವಾ?" ಎಂದು ಭಾವ ಗಾಡಿಯಿಂದ ಅಲ್ಯೂಮಿನಿಯಂ ತಗಡುಗಳನ್ನು ಇಳಿಸಿಯೇಬಿಟ್ಟ. "ಕಬ್ಬಿಣ ತುಕ್ಕು ಹಿಡಿಯುತ್ತೆ, ರಬ್ಬರು ಜೋತು ಬೀಳುತ್ತೆ. ಇದು ನೋಡು, ಹೂವಿನಷ್ಟು ಹಗುರ. ನನ್ನ ಮಾತು ಕೇಳಿ ಯಾವನು ಕೆಟ್ಟಿದಾನೆ?"

ಕೆಟ್ಟವರ ಹೆಸರು ದೋಣಿಯಣ್ಣನ ನಾಲಿಗೆಯ ತುದಿಗೆ ಬಂತು. ಆದರೆ ಹೊತ್ತು ಬಾಗುತ್ತಿತ್ತು. ತಗಡೂ, ಹೇಳಲು ಹೊಟ್ಟೆ ಉರಿದರೂ, ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಇಬ್ಬರೂ ದೋಣಿಯಡಿಗೆ ನುಸುಳಿ ಅಂಗಾತ ಮಲಗಿದರು. ಭಾವ ಮೂತಿಯ ಕಡೆಯಿಂದ ಮೊದಲ ತಗಡು ಹೊಡೆದ. ಅದರ ಹಿಂದಿನ ಅಂಚನ್ನು ಹೊರಗಿನಿಂದ ಮುಚ್ಚುವಂತೆ ಎರಡನೆಯ ತಗಡಿನ ಮುಂದಿನ ಅಂಚು ಕೂರಿಸತೊಡಗಿದ.

"ಭಾವ, ಹಿಂದಿನಿಂದ ಶುರು ಮಾಡೋದಲ್ವಾ? ಬಾತುಕೋಳಿ ಗರಿ ನೋಡಿ. ಮುಂದಿನ ಗರಿ ಹಿಂದಿನ ಗರಿಯನ್ನ ಮುಚ್ಚಿರುತ್ತೆ. ಇಲ್ದಿದ್ರೆ ಎದುರು ನೀರು ಒಳಗೆ ನುಗ್ಗಲ್ವಾ?"

"ನಿನ್ನ ದೋಣಿ ಮೊಟ್ಟೆ ಇಡುತ್ತೇನಯ್ಯಾ? ಯಾವ ಕೆಲಸಾನೂ ಮುಂದಿನಿಂದ ಶುರು ಮಾಡ್ಬೇಕು. ಹಿಂದಿನಿಂದ ಶುರು ಮಾಡಿದೋರು ಹಿಂದೇನೇ ಉಳೀತಾರೆ. ನಿನ್ನನ್ನೇ ನೋಡ್ಕೊ."

"ಅಣ್ಣ ಹೇಳೋದು ಸರೀ ರೀ," ಎಂದು ಮೇಲಿನಿಂದ ಹೆಂಡತಿಯ ದನಿ ಬಂತು.

ದೋಣಿಯ ಮೇಲೂ ಕೆಳಗೂ ಬಹುಮತ ಭಾವನ ಕಡೆಗಿತ್ತು. ದೋಣಿಯಣ್ಣ ಬಾಯಿ ಮುಚ್ಚಿಕೊಂಡ. ತಳದ ಕೆಸರು ಬಾಯಿಗೇ ಬೀಳುತ್ತಿತ್ತು.

ಸಂಜೆ ಮ್ಯಾನೇಜರರು ಬಂದರು, ಈ ಸಲ ಬಿಳಿ ಪ್ಯಾಂಟಿನಲ್ಲಿ. ಎಂಜಿನ್ನಿನ ಪಕ್ಕದಲ್ಲಿ ಹಿಂದಿನ ಬೆಂಚಿನ ಮೇಲೆ ಕೂತರು. ಭಾವ ಕರೆಯದೆಯೇ ಹತ್ತಿದ. ದೋಣಿ ಕೆಡುವುದನ್ನು ಕಣ್ಣಾರೆ ನೋಡುವ ಆಸೆಯಿಂದ ಬಡಗಿ ಮುಂದಿನ ಬೆಂಚು ಹಿಡಿದ.

ಆಮೆ ಹೊರಟಿತು. ಹೊರಟದ್ದೇ ತಡ, ಒಂದೊಂದು ತಗಡಿನ ಅಂಚೂ ಬಾಯಿ ತೆರೆದು ಎದುರು ಬಂದ ನೀರನ್ನೆಲ್ಲ ಮೊಗೆಯತೊಡಗಿತು. ಕೆಳಗೆ ನೂರು ಜನ ಒಟ್ಟಿಗೆ ಗಂಟಲು ಮುಕ್ಕಳಿಸಿದ ಸದ್ದು. ಮುಂದಿನ ಹಲಗೆಗಳ ಸಂದಿನಿಂದ ಕಾರಂಜಿ ಎದ್ದು ಬಡಗಿಯನ್ನು ತಲೆಯಿಂದ ಕಾಲಿನವರೆಗೆ ತೊಳೆಯಿತು. ನೀರು ಒಂದೊಂದೇ ಸಂದು ದಾಟಿ ಹಿಂದಕ್ಕೆ ಬರುತ್ತಿತ್ತು. ಮ್ಯಾನೇಜರರು ಬೆಂಚು ಹತ್ತಿ ನಿಂತರು. "ಏಯ್! ನಿಲ್ಲಿಸಯ್ಯಾ! ವಾಪಸ್ ತಗೋ!"

ದೋಣಿ ತಿರುಗಿಸಲು ವ್ಯವಧಾನವಿಲ್ಲದೆ ದೋಣಿಯಣ್ಣ ಎಂಜಿನ್ನನ್ನು ಹಿಮ್ಮುಖಕ್ಕೆ ಎಳೆದ. ಆಮೆ ಒಮ್ಮೆ ಮುಗ್ಗರಿಸಿ ಹಿಂದಕ್ಕೆ ಸರಿಯಿತು.

ಥಟ್ಟನೆ ಸದ್ದು ನಿಂತಿತು. ಕಾರಂಜಿ ಅಡಗಿತು. ತಗಡುಗಳು ಒಂದರ ಮೇಲೊಂದು ಒತ್ತಿಕೊಂಡು, ನೀರು ಬೆಣ್ಣೆಯಂತೆ ಜಾರಿಹೋಯಿತು. ಒಂದು ಹನಿಯೂ ಮೇಲೆ ಬರಲಿಲ್ಲ.

ಮ್ಯಾನೇಜರರು ಬಗ್ಗಿ ಪ್ಯಾಂಟು ಮುಟ್ಟಿ ನೋಡಿಕೊಂಡರು. ಒಣಗಿಯೇ ಇತ್ತು. "ಭೇಷ್! ಮೊದಲೇ ಹೀಗೆ ಬರೋದು ತಾನೇ? ಹೀಗೇ ಆಚೆ ದಡಕ್ಕೆ ನಡಿ!"

ದೋಣಿಯ ಬೆನ್ನನ್ನು ಆಚೆ ದಡಕ್ಕೆ ತಿರುಗಿಸಿಕೊಂಡು, ಕತ್ತು ಹೊರಳಿಸಿ ದಾರಿ ನೋಡುತ್ತ ದೋಣಿಯಣ್ಣ ಕೆರೆ ದಾಟಿಸಿದ. ಅಷ್ಟು ಹೊತ್ತು ಹೊರಳಿಸಿದ ಕತ್ತು ಆಮೇಲೆ ಮರಳಲು ಒಪ್ಪಲಿಲ್ಲ.

"ಸಾರ್," ಆಚೆ ದಡದಲ್ಲಿ ಅವನು ಕೈಮುಗಿದ, "ನಾಳೆ ಭಾನುವಾರ. ತಗಡು ಬಿಚ್ಚಿ ಉಲ್ಟಾ ಹೊಡೀತೀನಿ. ಮುಂದಕ್ಕೂ ಹೀಗೇ ಹೋಗುತ್ತೆ."

"ಬಿಚ್ತೀಯಾ?" ಮ್ಯಾನೇಜರರು ಹೌಹಾರಿದರು. "ನನ್ನ ಕಣ್ಣೆದುರು ಪಾಸಾಗಿರೋ ದೋಣಿ! ಒಂದು ಮೊಳೆ ಮುಟ್ಟಿದ್ರೂ ಕೆಲಸ ಬಸ್ಸಿನವನಿಗೆ. ಅಲ್ಲಾ, ಇಂಥ ತಳ ಮಾಡಿದ ಪುಣ್ಯಾತ್ಮ ಯಾರು?"

ದೋಣಿಯಣ್ಣ ಬಾಯಿ ತೆರೆಯುವಷ್ಟರಲ್ಲಿ ಭಾವ ಒಂದು ಹೆಜ್ಜೆ ಮುಂದೆ ನಿಂತಿದ್ದ. "ನಾನೇ ಸಾರ್. ಹಿಂದಕ್ಕೆ ಹೋಗಲಿ ಅಂತಾನೇ ಮುಂದಿನಿಂದ ಹೊಡೆದೆ. ಇವನು ಬಾತುಕೋಳಿ ಅದೂ ಇದೂ ಅಂತ ಅಡ್ಡ ಬಂದ."

ಮ್ಯಾನೇಜರರು ಇಬ್ಬರನ್ನೂ ಅಳೆದು ನೋಡಿದರು. ಒಬ್ಬ ಮಾಡಿದವನು, ಇನ್ನೊಬ್ಬ ಬಿಚ್ಚಲು ಹೊರಟವನು. "ನೋಡಿ, ದೋಣಿ ಮಾತುಕತೆಯೆಲ್ಲ ನಾನು ನಿಮ್ಮ ಜೊತೆಗೇ ಮಾಡ್ತೀನಿ. ನೀವು ಮೇಲ್ವಿಚಾರಣೆ ನೋಡ್ಕೊಳ್ಳಿ. ಇವನು ನಡೆಸ್ಲಿ, ಆದ್ರೆ ನಿಮ್ಮನ್ನ ಕೇಳದೆ ಏನೂ ಮುಟ್ಟಕೂಡದು."

ವಾಪಸು ಬರುವಾಗ ಭಾವ ಬೆಂಚಿನ ಉದ್ದಕ್ಕೂ ಕಾಲು ಚಾಚಿದ್ದ. "ಸೋಮವಾರ ಹೊತ್ತಿಗೆ ಸರಿಯಾಗಿ ಬಾರಯ್ಯಾ. ತಡ ಮಾಡೋರು ನನಗೆ ಆಗಿಬರಲ್ಲ."

ಮನೆಯ ಬಾಗಿಲಲ್ಲಿ ಹೆಂಡತಿ ಕಾದು ನಿಂತಿದ್ದಳು. "ಒಂದು ಹನಿಯೂ ಬೀಳ್ಲಿಲ್ವಂತೆ? ಕೆಲಸ ಸಿಕ್ತಂತೆ?"

"ಸಿಕ್ತು ಕಣೇ," ದೋಣಿಯಣ್ಣ ಹೊರಳಿದ ಕತ್ತಿನಲ್ಲೇ, ಅವಳಿಗೆ ಬೆನ್ನು ಮಾಡಿ ಅವಳನ್ನು ನೋಡುತ್ತ ಹೇಳಿದ, "ನಿಮ್ಮಣ್ಣನಿಗೆ."