ದೀಪಸ್ತಂಭದ ಲೆಕ್ಕವೂ ಏಳೂವರೆಯ ತೇರ್ಸೂ

"ಶಾಲೆಗೆ ಗಂಟೆ ಉಂಟು, ಜ್ಞಾನಕ್ಕೆ ಗಂಟೆ ಇಲ್ಲ! ನಾಳೆಯಿಂದ ಹತ್ತನೇ ಬಿ ತರಗತಿಗೆ ಒಂದು ಬ್ಲಾಗ್!" ಎಂದು ಕಜೆಟನ್ ಮಾಸ್ಟ್ರು ಸ್ಟಾಫ್ ರೂಮಿನಲ್ಲಿ ಘೋಷಿಸಿದಾಗ ಚಹಾ ಕುಡಿಯುತ್ತಿದ್ದವರು ಯಾರೂ ತಲೆ ಎತ್ತಲಿಲ್ಲ. ಮುಖ್ಯೋಪಾಧ್ಯಾಯಿನಿ ಸುಗಂಧಿ ಮೇಡಂ ಮಾತ್ರ ಎತ್ತಿದರು. ಎಡವಟ್ಟಾದದ್ದು ಅಲ್ಲೇ.

ಮಾಸ್ಟ್ರು ಕಾರ್ಕಳದ ಹತ್ತಿರದ ಆ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಜೀವಶಾಸ್ತ್ರ ಕಲಿಸಿದವರು. ಜೂನ್‌ನಲ್ಲಿ ಗಣಿತದ ಉಮಾನಾಥ ಸರ್‌ಗೆ ವರ್ಗವಾಯಿತು. ಗಣಿತ ಯಾರು ತೆಗೆದುಕೊಳ್ಳುತ್ತೀರಿ ಎಂದು ಮೇಡಂ ಕೇಳಿದ್ದೇ ತಡ, ಇವರು ಎದ್ದು ನಿಂತಿದ್ದರು. "ಅದೆಂತ ದೊಡ್ಡ ವಿಷಯ ಮೇಡಂ? ಹೃದಯದ ನಾಲ್ಕು ಕೋಣೆ ಬಿಡಿಸುವವನಿಗೆ ಒಂದು ತ್ರಿಕೋನ ಬಿಡಿಸಲು ಬರುವುದಿಲ್ಲವಾ?"

ಬ್ಲಾಗ್ ತಯಾರಾಯಿತು. ಮಕ್ಕಳು ಮನೆಯಿಂದಲೇ ಸಂದೇಹ ಬರೆಯಬೇಕು, ಮಾಸ್ಟ್ರು ಮನೆಯಿಂದಲೇ ಪರಿಹರಿಸಬೇಕು. ಮಾಸ್ಟ್ರ ದಪ್ಪ ಬೆರಳಿಗೆ ಒಂದು ಸಾಲು ಟೈಪ್ ಮಾಡಲು ಅರ್ಧ ಗಂಟೆ ಬೇಕು. ಹಾಗಾಗಿ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮಗಳು ಮೆಲಿಷಾ, ಮಾತಿನಲ್ಲೇ ಉತ್ತರ ಹೇಳುವ ವ್ಯವಸ್ಥೆ ಮಾಡಿಕೊಟ್ಟಳು. ಕೆಂಪು ಬಟನ್ ಒಮ್ಮೆ ಒತ್ತಿದರೆ ರೆಕಾರ್ಡಿಂಗ್ ಶುರು, ಇನ್ನೊಮ್ಮೆ ಒತ್ತಿದರೆ ಸೀದಾ ಬ್ಲಾಗಿನಲ್ಲಿ ಪ್ರಕಟ.

ಎರಡು ವಾರ ಕಳೆಯಿತು. ಒಂದೇ ಒಂದು ಸಂದೇಹ ಬರಲಿಲ್ಲ! ಮಾಸ್ಟ್ರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹಲ್ಲುಜ್ಜುವಾಗ ಒಮ್ಮೆ ಮೊಬೈಲು ನೋಡಿದರು, ಗಂಜಿ ಉಣ್ಣುವಾಗ ನಾಲ್ಕು ಸಲ ನೋಡಿದರು.

"ಕೋಳಿ ಮೊಟ್ಟೆ ಇಟ್ಟಿತಾ ಅಂತ ನೋಡುವವರ ಹಾಗೆ ಎಷ್ಟು ಸಲ ನೋಡುವುದು ಮಾರಾಯ್ರೆ?" ಎಂದಳು ಹೆಂಡತಿ ಮೇಬಲ್. "ಮಕ್ಕಳಿಗೆ ಸಂದೇಹವೇ ಇಲ್ಲವೇನೋ."

"ಇಲ್ಲವಾ? ಅರ್ಧವಾರ್ಷಿಕದಲ್ಲಿ ಹದಿನಾಲ್ಕು ಮಕ್ಕಳು ಫೇಲು! ಆ ಮೋಕ್ಷಾಳಿಗೆ ಎಂಬತ್ತಕ್ಕೆ ಒಂಬತ್ತು! ಸಂದೇಹ ಇಲ್ಲವಂತೆ!"

ಮೋಕ್ಷಾ ಕೊನೆಯ ಬೆಂಚಿನ ಹುಡುಗಿ. ತರಗತಿಯಲ್ಲಿ ಹಾಜರಿ ಹೇಳುವುದಕ್ಕೆ ಬಿಟ್ಟರೆ ಬಾಯಿ ತೆರೆದವಳಲ್ಲ. ಎದುರಿಗೆ ಕೇಳಲು ಹೆದರುವವಳು ಮನೆಯಲ್ಲಿ ಕೂತಾದರೂ ಕೇಳಲಿ ಎಂಬುದೇ ಮಾಸ್ಟ್ರ ಆಸೆ. ಜಂಬ ಎಷ್ಟೇ ಇರಲಿ, ಆ ಒಂಬತ್ತು ಅಂಕ ಅವರಿಗೆ ನಿಜಕ್ಕೂ ನೋವು ತಂದಿತ್ತು.

ಗುರುವಾರ ಸುಗಂಧಿ ಮೇಡಂ ಬಾಂಬು ಹಾಕಿದರು. "ಮಾಸ್ಟ್ರೇ, ಶನಿವಾರ ಉಡುಪಿಯ ಮುಖ್ಯೋಪಾಧ್ಯಾಯರ ಮೀಟಿಂಗ್‌ನಲ್ಲಿ ನಿಮ್ಮ ಬ್ಲಾಗ್ ತೋರಿಸಬೇಕು. ಒಂದು ಮಗುವಾದರೂ ಎಂತಾದರೂ ಕೇಳಿದೆಯಾ? ಇಲ್ಲದಿದ್ದರೆ ಮುಚ್ಚಿಬಿಡುವ."

"ಇವತ್ತು ಸಂಜೆ ನೋಡಿ ಮೇಡಂ!" ಎಂದರು ಮಾಸ್ಟ್ರು, ಎದೆಯುಬ್ಬಿಸಿ.

ಸಂಜೆ ಸಂದೇಹ ಬಂತು. ಕಳಿಸಿದವರು 'ಒಬ್ಬ ವಿದ್ಯಾರ್ಥಿ'. ಆ ವಿದ್ಯಾರ್ಥಿಗೆ ಐವತ್ತೆರಡು ವರ್ಷ, ಕುಕ್ಕುಂದೂರಿನಲ್ಲಿ ಮನೆ, ಹೆಸರು ಕಜೆಟನ್! ಕೇಳಿದ್ದು ತ್ರಿಕೋನಮಿತಿ ಪಾಠದ ಏಳನೇ ಲೆಕ್ಕ: ಕಾಪುವಿನ ದೀಪಸ್ತಂಭದ ಮೇಲಿನಿಂದ ಎರಡು ದೋಣಿ ಕಾಣುತ್ತವೆ, ಅವುಗಳ ನಡುವಿನ ದೂರ ಎಷ್ಟು? ತರಗತಿಯಲ್ಲಿ "ಅದು ಸುಲಭ ಮಕ್ಕಳೇ, ಮನೆಯಲ್ಲಿ ಮಾಡಿ" ಎಂದು ದಾಟಿಸಿಬಿಟ್ಟಿದ್ದ ಲೆಕ್ಕ. ಸುಳ್ಳು ವಿದ್ಯಾರ್ಥಿಯಾದರೇನು, ಸಂದೇಹ ಮಾತ್ರ ಅಪ್ಪಟ ಪ್ರಾಮಾಣಿಕ!

ಉತ್ತರ ಮಣಿಪಾಲದಿಂದ ಬಂತು, ಜೊತೆಗೆ ಬೈಗುಳವೂ. "ಪಪ್ಪಾ, ಇದೇ ಕೊನೆ! ಸೋಮವಾರದಿಂದ ನನಗೆ ಪರೀಕ್ಷೆ ಉಂಟು!"

ಮಾಸ್ಟ್ರು ಕೆಂಪು ಬಟನ್ ಒತ್ತಿ ಗಂಟಲು ಸರಿಪಡಿಸಿದರು. "ಪ್ರಿಯ ವಿದ್ಯಾರ್ಥಿಯೇ, ಎಂತಹ ಅದ್ಭುತ ಪ್ರಶ್ನೆ ಕೇಳಿದ್ದೀ! ನಿನಗೆ ಒಳ್ಳೆಯ ಭವಿಷ್ಯ ಉಂಟು!" ಎಂದು ಆರಂಭಿಸಿ ಮಗಳ ಉತ್ತರವನ್ನು ಗಂಭೀರವಾಗಿ ಓದಿದರು. ಕೊನೆಯ ಸಾಲು ಮುಗಿಯುವುದಕ್ಕೂ ಒಳಗಿನಿಂದ ಕೂಗು ಬರುವುದಕ್ಕೂ ಸರಿಹೋಯಿತು.

"ಏಳೂವರೆ ಆಯಿತು! ತೇರ್ಸಿಗೆ ಬನ್ನಿ!"

ತೇರ್ಸು ಎಂದರೆ ಜಪಮಾಲೆ ಹಿಡಿದು ಮನೆಮಂದಿಯೆಲ್ಲ ಸೇರಿ ಹೇಳುವ ಸಂಜೆಯ ಪ್ರಾರ್ಥನೆ. ಆ ಮನೆಯಲ್ಲಿ ಸೂರ್ಯ ತಡವಾದರೂ ಆದೀತು, ತೇರ್ಸು ತಡವಾಗದು. ಮಾಸ್ಟ್ರು ಮೊಬೈಲನ್ನು ಅಂಗಿಯ ಜೇಬಿಗೆ ತುರುಕಿ ಓಡಿಹೋಗಿ ಮೊಣಕಾಲೂರಿದರು.

ಜಪ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಬೇಡಿಕೆಯನ್ನು ದೇವರಿಗೆ ಗಟ್ಟಿಯಾಗಿ ಹೇಳುವುದು ಅಲ್ಲಿಯ ಕ್ರಮ. ಮೇಬಲ್ ಕಣ್ಣು ಮುಚ್ಚಿ ಕೊಂಕಣಿಯಲ್ಲಿ ಬೇಡಿದಳು. "ದೇವರೇ, ನನ್ನ ಗಂಡನಿಗೆ ಆ ದೀಪಸ್ತಂಭದ ಲೆಕ್ಕ ತಲೆಗೆ ಹೋಗುವ ಹಾಗೆ ಮಾಡು. ಪ್ರಶ್ನೆ ಕೇಳುವುದೂ ಇವರೇ, ಉತ್ತರ ಬರೆಯುವುದು ಮಗಳು ಮೆಲಿಷಾ. ಪಾಪ, ಅವಳಿಗೆ ಪರೀಕ್ಷೆ ಉಂಟು." ಮಾಸ್ಟ್ರು ಕೆಮ್ಮಿದರು. "ಇವರು ಒಳ್ಳೆಯವರು ದೇವರೇ, ಗೊತ್ತಿಲ್ಲ ಅಂತ ಹೇಳಲು ನಾಲಿಗೆ ಬರುವುದಿಲ್ಲ, ಅಷ್ಟೇ." ಇನ್ನೂ ಜೋರಾಗಿ ಕೆಮ್ಮಿದರು. "ಮಕ್ಕಳ ಎದುರು ಇವರ ಮರ್ಯಾದೆ ನೀನೇ ಕಾಪಾಡು. ಆಮೆನ್."

ಎದ್ದು ಮೊಬೈಲು ತೆಗೆದರೆ ಕೆಂಪು ಬಟನ್ ಹೊಳೆಯುತ್ತಿತ್ತು. "ಅಯ್ಯೋ, ಪ್ರಕಟಿಸಲಿಕ್ಕೇ ಮರೆತೆ!" ಎನ್ನುತ್ತ ಒತ್ತಿಬಿಟ್ಟರು.

ಐದು ನಿಮಿಷದಲ್ಲಿ ಹನ್ನೆರಡು ಜನ ಕೇಳಿದ್ದರು. ಒಂದು ಗಂಟೆಯಲ್ಲಿ ಐವತ್ತೊಂದು! ತರಗತಿಯಲ್ಲಿ ಇದ್ದದ್ದೇ ಮೂವತ್ತೆಂಟು ಮಕ್ಕಳು.

"ನೋಡು ಮೇಬಲ್! ಬೇರೆ ತರಗತಿಯವರೂ ಬಂದಿದ್ದಾರೆ!" ಎಂದು ಮಾಸ್ಟ್ರು ಚಾವಡಿಯಲ್ಲಿ ಕುಣಿಯುವಷ್ಟರಲ್ಲಿ ಸುಗಂಧಿ ಮೇಡಂ ಅವರ ಫೋನು ಬಂತು.

"ಮಾಸ್ಟ್ರೇ, ನಿಮ್ಮ ಉತ್ತರ ಕೇಳಿದೆ. ಮೂವತ್ತೆರಡು ನಿಮಿಷ!"

"ವಿಷಯ ಸ್ವಲ್ಪ ಆಳವಾಗಿತ್ತು ಮೇಡಂ."

"ಹೌದು ಹೌದು. ಆಮೆನ್ ಹೇಳುವವರೆಗೂ ಆಳವೇ."

ಮಾಸ್ಟ್ರು ಗಡಬಡಿಸಿ ಫೋನಿಟ್ಟರು. ಬ್ಲಾಗ್ ತೆರೆದರೆ, ಮೊದಲ ಬೆಂಚಿನ ಜೋವಿನ್ 'ಕೊಂಕಣಿ ಬಾರದವರಿಗಾಗಿ' ಎಂದು ಮೇಬಲ್‌ಳ ಪ್ರಾರ್ಥನೆಯನ್ನು ಶುದ್ಧ ಕನ್ನಡಕ್ಕೆ ಅನುವಾದಿಸಿ ಹಾಕಿದ್ದ. ಎಷ್ಟು ಶ್ರದ್ಧೆಯೆಂದರೆ, 'ಇಲ್ಲಿ ಸರ್ ಕೆಮ್ಮುತ್ತಾರೆ' ಎಂಬುದನ್ನೂ ಎರಡು ಕಡೆ ಬಿಡದೆ ನಮೂದಿಸಿದ್ದ!

ಎಲ್ಲವನ್ನೂ ಅಳಿಸಿಬಿಡುವ ಎಂದು ಬೆರಳೆತ್ತಿದರು. ಅಷ್ಟರಲ್ಲಿ ಅದರ ಕೆಳಗೆ ಹೊಸದೊಂದು ಸಾಲು ಮೂಡಿತು.

'ಸರ್, ನಾನು ಮೋಕ್ಷಾ. ನನಗೂ ಏಳನೇ ಲೆಕ್ಕ ಬರುವುದಿಲ್ಲ. ಬಾರದಿರುವುದು ನನಗೊಬ್ಬಳಿಗೇ ಅಂತ ಇಷ್ಟು ದಿನ ಕೇಳಲಿಲ್ಲ.'

ಮಾಸ್ಟ್ರ ಬೆರಳು ಅಲ್ಲೇ ನಿಂತಿತು. ಅದರ ಹಿಂದೆಯೇ ಡಿಂಪಲ್ ಮೂರನೇ ಲೆಕ್ಕ ಕೇಳಿದಳು, ಕಾರ್ಲ್ ಐದನೆಯದು ಕೇಳಿದ. ಊಟಕ್ಕೆ ಕೂರುವಷ್ಟರಲ್ಲಿ ಹತ್ತೊಂಬತ್ತು ಸಂದೇಹಗಳು! ಮಾಸ್ಟ್ರ ಕಣ್ಣು ಒದ್ದೆಯಾಯಿತು. ನಾಚಿಕೆಗೋ ಸಂತೋಷಕ್ಕೋ ಅವರಿಗೇ ಗೊತ್ತಾಗಲಿಲ್ಲ.

"ದೇವರು ಮರ್ಯಾದೆ ಕಾಪಾಡಿದನಾ?" ಎಂದು ಮೇಬಲ್ ಅನ್ನ ಬಡಿಸುತ್ತಾ ಕೇಳಿದಳು.

ಮಾಸ್ಟ್ರು ಮೊಬೈಲು ಎತ್ತಿಕೊಂಡರು. ಕೆಂಪು ಬಟನ್‌ನ ತಂಟೆಗೇ ಹೋಗದೆ, ಒಂದೇ ಬೆರಳಿನಲ್ಲಿ, ಸಾರು ಆರುವವರೆಗೆ ಕುಟ್ಟಿ ಒಂದು ಸಾಲು ಬರೆದರು: 'ಮಕ್ಕಳೇ, ಇವುಗಳಲ್ಲಿ ಕೆಲವು ನನಗೂ ಗೊತ್ತಿಲ್ಲ. ನಾಳೆ ಎಲ್ಲರೂ ಒಟ್ಟಿಗೆ ಕೂತು ಬಿಡಿಸುವ.'

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಗೊತ್ತಿಲ್ಲ ಎಂದ ಮಾಸ್ಟ್ರು ದೊಡ್ಡದೊಂದು ಉಸಿರು ಬಿಟ್ಟರು. ಅದು ಪೂರ್ತಿ ಹೊರಗೆ ಬರುವ ಮೊದಲೇ ಪ್ರತೀಕನ ಉತ್ತರ ಬಂತು.

'ತೊಂದರೆ ಇಲ್ಲ ಸರ್. ಮೆಲಿಷಾ ಅಕ್ಕನ ಪರೀಕ್ಷೆ ಮುಗಿಯುವವರೆಗೆ ನಾವು ಕಾಯುತ್ತೇವೆ.'