ಐದನೇ ಸ್ಥಾನದ ನೆಮ್ಮದಿ ಕೆಡಿಸಿದ ಸೋಮಿ ಗೌಡರಿಗೆ

ಬಾಳೆಗುಳಿ ಬ್ರದರ್ಸ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್, ಹಟ್ಟಿಕೇರಿಯ ಸೋಮಿ ಗೌಡರ ಸನ್ನಿಧಿಗೆ,

ಮಾನ್ಯರೇ,

ಅಂಕೋಲೆಯಲ್ಲಿ ಔಷಧ ಅಂಗಡಿ ಇಟ್ಟುಕೊಂಡು, ಮೊನ್ನೆ ಮೊನ್ನೆಯವರೆಗೂ ಮರ್ಯಾದಸ್ಥನೆಂದು ನಾಲ್ಕು ಜನರಿಂದ ಹೇಳಿಸಿಕೊಳ್ಳುತ್ತಿದ್ದ ಉಮಾಮಹೇಶ್ವರ ಹೆಗಡೆಯ ಸಾವಿರ ನಮಸ್ಕಾರಗಳನ್ನು ತಾವು ಮೊದಲು ಸ್ವೀಕರಿಸಬೇಕು, ಏಕೆಂದರೆ ನಮಸ್ಕಾರದ ಬೆನ್ನಿಗೇ ಬರುವುದು ದೂರು. ಇದನ್ನು ಬಾಯಲ್ಲೇ ಹೇಳಬಹುದಿತ್ತು. ಆದರೆ ತಮ್ಮ ಕೃಪೆಯಿಂದ ನನ್ನ ಗಂಟಲು ಇನ್ನೂ ಸರಿಯಾಗಿಲ್ಲ. ಹಾಗಾಗಿ ನಮ್ಮ ಕ್ಲಬ್ಬಿನ ವರ್ಷದ ಕಥೆಯನ್ನೂ ತಮ್ಮಿಂದಾದ ಅನಾಹುತಗಳನ್ನೂ ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ತಾವು ಬರುವ ಮೊದಲು ನಾವೆಷ್ಟು ಸುಖವಾಗಿದ್ದೆವು ಎಂಬುದನ್ನು ತಮಗೆ ನೆನಪಿಸಬೇಕು. ಹತ್ತು ತಂಡಗಳ ಕಾಳಿ-ಗಂಗಾವಳಿ ಲೀಗಿನಲ್ಲಿ ಬಾಳೆಗುಳಿ ಬ್ರದರ್ಸ್ ಪ್ರತಿ ವರ್ಷ ಐದನೆಯದು. ಮೇಲೆ ಹೋಗಲು ನಮ್ಮ ಬಳಿ ದುಡ್ಡಿರಲಿಲ್ಲ, ಕೆಳಗೆ ಬೀಳಲು ಉಳಿದವರು ಬಿಡುತ್ತಿರಲಿಲ್ಲ. ನಾನು ಭಾನುವಾರ ಊಟ ಮುಗಿಸಿ, ಮೈದಾನದ ಚಿರೆಕಲ್ಲಿನ ಗೋಡೆಯ ಮೇಲೆ ಕೂತು, ಪೇಪರಿನಲ್ಲಿ ಮುಖ ಮುಚ್ಚಿಕೊಂಡು ಮೊದಲಾರ್ಧ ನಿದ್ದೆ ಮಾಡಿ, ದ್ವಿತೀಯಾರ್ಧ ಪೇಪರ್ ಓದಿ ಮನೆಗೆ ಹೋಗುತ್ತಿದ್ದೆ. ಹೆಂಡತಿ ವೇದಾವತಿ “ಗೆದ್ದವಾ, ಸೋತವಾ?” ಎಂದು ಕೇಳಿದರೆ “ಕೇಳಲು ಮರೆತೆ” ಎನ್ನುತ್ತಿದ್ದೆ. ಬಿ.ಪಿ. ಮಾತ್ರೆಯನ್ನು ನಾನು ಮಾರುತ್ತಿದ್ದೆನೇ ಹೊರತು ನುಂಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಹಳೆಯ ಮ್ಯಾನೇಜರರು ಮಗಳ ಮನೆಗೆಂದು ಹೋದವರು ಬರಲೇ ಇಲ್ಲವಾಗಿ, ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಟೀಚರಮ್ಮನಾಗಿದ್ದ ತಮ್ಮನ್ನು ಕ್ಲಬ್ಬಿನವರು ಕರೆತಂದರು. ಕಾರಣವನ್ನು ಮುಚ್ಚಿಡಲಾರೆ: ತಮ್ಮ ಬಳಿ ಸ್ವಂತ ಸೀಟಿ ಇತ್ತು.

ಮೈದಾನದ ಬಾಡಿಗೆ ನಮಗೆ ಭಾರವೆಂದು ತಾವು ಅಭ್ಯಾಸವನ್ನು ಸಮುದ್ರದ ದಂಡೆಗೆ ಒಯ್ದಿರಿ. ಅಂದಿನಿಂದ ಕ್ಲಬ್ಬಿನ ವೇಳಾಪಟ್ಟಿ ಬರೆಯುವವನು ಅರಬ್ಬೀ ಸಮುದ್ರ. ಭರತಿ ಇಳಿದರೆ ಆಟ, ಏರಿದರೆ ಮನೆ. ಬಸ್ಸಿಗೆ ಗತಿಯಿಲ್ಲವೆಂದು ಆಟಗಾರರನ್ನು ಮೀನಿನ ಟೆಂಪೋದಲ್ಲಿ ಕೂರಿಸಿ ಕಿನ್ನರವೆಂಬ ಊರಿಗೆ ಪಂದ್ಯಕ್ಕೆ ಕರೆದೊಯ್ದಿರಿ. ಅಲ್ಲಿ ಎದುರಾಳಿಗಳು ಮೂಗು ಮುಚ್ಚಿಕೊಂಡು ನಮ್ಮ ಹುಡುಗರಿಂದ ಮಾರು ದೂರ ನಿಂತು ಆಡಿದ್ದರಿಂದ ನಾವು ಗೆದ್ದೆವು. ಇದು ಕ್ರೀಡಾಧರ್ಮವೇ ಎಂದು ಕೇಳಿದ ರೆಫರಿಗೆ ತಾವು “ಬಂಗಡೆ ವಾಸನೆಗೆ ಫೌಲ್ ಕೊಡೂಕೆ ಬರ್ತದಾ?” ಎಂದು ತಿರುಗಿ ಕೇಳಿದಿರಂತೆ. ಆತ ಪುಸ್ತಕ ತೆಗೆದು ಹುಡುಕಿದನೆಂಬುದು ಇನ್ನೂ ದುಃಖದ ವಿಷಯ.

ಮಾಬ್ಲೇಶ್ವರನ ಪ್ರಕರಣವನ್ನಂತೂ ನಾನು ಮರೆಯಲಾರೆ. ಚೆಂಡು ಕಂಡರೆ ಹೆದರುವ ಈ ಯುವಕ ಎಷ್ಟೋ ವರ್ಷಗಳಿಂದ ನಮ್ಮ ಗೋಲ್‌ಕೀಪರ್ ಆಗಿದ್ದ; ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚಿ ಒದೆಯುತ್ತಿದ್ದ. ಬೇರೆ ಯಾರಾದರೂ ಅವನನ್ನು ಮನೆಗೆ ಕಳಿಸುತ್ತಿದ್ದರು. ತಾವು ಕಳಿಸಿದ್ದು ಎದುರಾಳಿಯ ಗೋಲಿನ ಬಾಯಿಗೆ. “ಹೆದರ್ಕೆ ಬಿಡೂದು ಬ್ಯಾಡ. ಅಲ್ಲೇ ನಿಂತು ಹೆದರು” ಎಂದು ಉಪದೇಶಿಸಿದಿರಿ. ಆತ ಅಲ್ಲೇ ನಿಂತು ಹೆದರಿದ. ಚೆಂಡು ಬಂದಾಗಲೆಲ್ಲ ಕಣ್ಣು ಮುಚ್ಚಿ ಒದ್ದ. ಒದ್ದದ್ದು ಎತ್ತ ಹೋಗುತ್ತದೆಂದು ಅವನಿಗೇ ಗೊತ್ತಿಲ್ಲದ ಮೇಲೆ ಪಾಪ, ಎದುರಾಳಿ ಗೋಲ್‌ಕೀಪರಿಗೆ ಹೇಗೆ ಗೊತ್ತಾಗಬೇಕು? ಗೋಲುಗಳ ಸುರಿಮಳೆಯಾಯಿತು. ಕೆಲವು ಒದೆತಗಳು ಬಾಳೆಗುಳಿಯ ಕ್ರಾಸಿನಲ್ಲಿ ಲಾರಿಗಳ ಮೇಲೆ ಬಿದ್ದು, ಕ್ಲಬ್ಬಿನ ಒಳ್ಳೆಯ ಚೆಂಡುಗಳು ಯಲ್ಲಾಪುರದ ಘಾಟಿ ಹತ್ತಿ ಹುಬ್ಬಳ್ಳಿಗೆ ಹೋದವೆಂಬುದನ್ನು ಮಾತ್ರ ನಷ್ಟದ ಬಾಬತ್ತಿನಲ್ಲಿ ಸೇರಿಸಬೇಕು.

ಹೀಗೆ ತಂಡ ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ, ಒಂದು ಭೀಕರ ಭಾನುವಾರ ಎರಡನೇ ಸ್ಥಾನಕ್ಕೆ ಏರಿತು. ಆ ದಿನ ನಾನು ಗೋಡೆಯ ಮೇಲಿಂದ ಹಾರಿ, ಪರಿಚಯವೇ ಇಲ್ಲದ ಒಬ್ಬ ಲಾರಿ ಡ್ರೈವರನನ್ನು ಅಪ್ಪಿಕೊಂಡೆ. ಆತನೂ ಅಪ್ಪಿಕೊಂಡ. ಮನೆಗೆ ಬಂದು ಅಡುಗೆಮನೆಯಲ್ಲಿ ಕುಣಿದಾಗ ವೇದಾವತಿ ಸೌಟು ಕೆಳಗಿಟ್ಟು, “ಎಂತ ಆತು? ಡಾಕ್ಟರ ಹತ್ರ ಹೋಪನ?” ಎಂದು ಗಾಬರಿಯಾದಳು. ಮುಂದಿನ ಭಾನುವಾರ ನನ್ನ ಮೇಲೆ ಕಣ್ಣಿಡಲೆಂದು ಬಂದವಳು ಅದರ ಮುಂದಿನ ಭಾನುವಾರ ನನಗಿಂತ ಮೊದಲೇ ಹೋಗಿ ಗೋಡೆಯ ಮೇಲೆ ಜಾಗ ಹಿಡಿದಿದ್ದಳು. ಇದಕ್ಕೂ ತಾವೇ ಹೊಣೆ.

ಆಮೇಲೆ ಬಂಗಡೆ ಬಿದ್ದಿತು. ಅಂದರೆ ಸಮುದ್ರದಲ್ಲಿ ಹಿಂಡುಗಟ್ಟಿ ಬಂದು ಬಲೆಗೆ. ನಮ್ಮ ರಕ್ಷಣಾ ಸಾಲಿನವರೆಲ್ಲ ಬೋಟಿನಲ್ಲಿ ದುಡಿಯುವವರಾದ್ದರಿಂದ ಮೀನಿನ ಹಿಂದೆ ಹೋದರು. ಸಂಬಳ ಕೊಡಲಾಗದ ಕ್ಲಬ್ಬು ಅವರನ್ನು ತಡೆಯುವುದಾದರೂ ಯಾವ ಬಾಯಲ್ಲಿ? ತಾವು ಟೆಂಪೋ ಓಡಿಸುವವನನ್ನೂ ಸೋಡಾ ಮಾರುವವನನ್ನೂ ರಕ್ಷಣೆಗೆ ನಿಲ್ಲಿಸಿದಿರಿ. ಸೋಡಾದವನು ಆಟದ ನಡುವೆಯೇ ಗಿರಾಕಿ ಕರೆದರೆಂದು ಓಡಿದ. ಸೋತೆವು, ಮತ್ತೆ ಸೋತೆವು, ಜಾರಿ ಜಾರಿ ನಮ್ಮ ಹಳೆಯ ಐದನೇ ಸ್ಥಾನಕ್ಕೇ ಬಂದು ಕೂತೆವು. ಈಗಲಾದರೂ ನನಗೆ ನಿದ್ದೆ ಬರಬೇಕಿತ್ತು. ಬರಲಿಲ್ಲ.

ಕೊನೆಯ ಪಂದ್ಯ ಕಾರವಾರದಲ್ಲಿ, ಹಸಿರು ಹುಲ್ಲಿನ ಸ್ವಂತ ಮೈದಾನವಿರುವ ಶ್ರೀಮಂತ ಕಾಳಿ ರಾಯಲ್ಸ್ ಎದುರು. ಅವರಿಗೆ ಪಂದ್ಯ ಸಮವಾದರೂ ಕಪ್ಪು ಸಿಗುತ್ತಿತ್ತು. ನಾವು ಗೆದ್ದರೆ ಮೂರನೆಯವರು. ಎರಡು ಗೋಲು ಹಿಂದೆ ಬಿದ್ದ ಮೇಲೆ ತಾವು ಗೆರೆಯ ಪಕ್ಕದಲ್ಲಿ ಸೀರೆಯ ನೆರಿಗೆ ಸಿಕ್ಕಿಸಿ ಓಡುತ್ತಾ ಸೀಟಿ ಊದಿದಿರಿ, ರೆಫರಿ ತಮ್ಮ ಸೀಟಿಯನ್ನು ತನ್ನದೆಂದು ತಿಳಿದು ಆಟ ನಿಲ್ಲಿಸಿದ, ಜಗಳವಾಯಿತು, ಜಗಳದಿಂದ ನಮ್ಮ ಹುಡುಗರಿಗೆ ಕೊಂಚ ಉಸಿರು ಸಿಕ್ಕಿತು. ಮಾಬ್ಲೇಶ್ವರ ಕಣ್ಣು ಮುಚ್ಚಿ ಒಂದು, ಮತ್ತೆ ಕಣ್ಣು ಮುಚ್ಚಿ ಇನ್ನೊಂದು. ಸಮ! ಕೊನೆಯ ಗಳಿಗೆಯಲ್ಲಿ ನಮಗೆ ಪೆನಾಲ್ಟಿ. ಆಗ ಮಾಬ್ಲೇಶ್ವರ, ದೇವರು ಯಾಕೆ ಬುದ್ಧಿ ಕೊಟ್ಟನೋ, ಮೊದಲ ಬಾರಿಗೆ ಕಣ್ಣು ಬಿಟ್ಟು ಗುರಿ ನೋಡಿ ಒದ್ದ. ಚೆಂಡು ಗೋಲಿನ ಮೇಲಿನ ಕಂಬಕ್ಕೆ ಬಡಿದು ಆಕಾಶಕ್ಕೆ ಹೋಯಿತು.

ನಾವು ಅಳಬೇಕಿತ್ತು. ಅದರ ಬದಲು ಮಾಬ್ಲೇಶ್ವರನನ್ನು ಹೆಗಲ ಮೇಲೆ ಹೊತ್ತು ಕುಣಿದೆವು. ಕಪ್ಪು ಗೆದ್ದವರು ನಮ್ಮನ್ನು ನೋಡುತ್ತಾ ನಿಂತಿದ್ದರು. ಯಾರು ಗೆದ್ದರೆಂದು ತಿಳಿಯದ ಮುಖ್ಯ ಅತಿಥಿಗಳು ಕುಣಿಯುವವರೇ ಗೆದ್ದವರಿರಬೇಕೆಂದು ಬಗೆದು, ಚಾಂಪಿಯನ್ನರ ಹಾರವನ್ನು ನಮ್ಮ ಮ್ಯಾನೇಜರರಾದ ತಮ್ಮ ಕೊರಳಿಗೆ ಹಾಕಿದರು. ನಾನು ಕೂಗಿದೆ. ಎಷ್ಟೆಂದರೆ, ದನಿ ಅಲ್ಲೇ ಎಲ್ಲೋ ಹುಲ್ಲಿನಲ್ಲಿ ಬಿದ್ದುಹೋಯಿತು.

ಈಗ ಮುಖ್ಯ ದೂರಿಗೆ ಬರುತ್ತೇನೆ. ತಮ್ಮ ವರ್ಷದ ಕೆಲಸವನ್ನು ತೂಗಿ ನೋಡಲು ಕ್ಲಬ್ಬು ಮೂವರ ಸಮಿತಿ ಮಾಡಿತ್ತು: ಅಧ್ಯಕ್ಷ ಶ್ರೀಕಾಂತ ಶೇಟರು, ನಿವೃತ್ತ ಪೋಸ್ಟ್ ಮಾಸ್ತರ ಕಲಾವತಿಬಾಯಿ, ಮತ್ತು ದನಿಯಿಲ್ಲದ ನಾನು. ಶೇಟರು ಅಂಕಪಟ್ಟಿ ಮುಂದಿಟ್ಟರು. “ಆಚೆ ವರ್ಷ ಐದು, ಈ ವರ್ಷ ಐದು. ಹಂಗಾದ್ರೆ ಇವ್ರು ಮಾಡಿದ್ದಾದ್ರೂ ಎಂತದು? ಗೋವಾದಿಂದ ಲ್ಯಾಪ್‌ಟಾಪ್ ಇದ್ದ ಕೋಚ್ ತರೂದು ಚಲೋ.”

ಕಲಾವತಿಬಾಯಿ ಕನ್ನಡಕ ಒರೆಸುತ್ತಾ, “ಶ್ರೀಕಾಂತಣ್ಣ, ಆಚೆ ವರ್ಷ ನಮ್ಮ ಮ್ಯಾಚ್ ನೋಡೂಕೆ ಯಾರು ಬರ್ತಿದ್ರು ಹೇಳಿ. ನೀವೇ ಬರ್ತಿರ್ಲಿಲ್ಲ. ಈ ಹೆಗಡೇರು ಬರ್ತಿದ್ರು, ಅದೂ ನಿದ್ದಿ ಮಾಡೂಕೆ. ಹುಡುಗ್ರು ಬೋಟಿಗೆ ಹೋದ್ರೂ ಈ ಐದು ಬಂದದೆ. ಎರಡೂ ಐದು ಒಂದೇ ಅಲ್ಲ” ಎಂದರು.

ಎಷ್ಟು ಸರಿಯಾದ ಮಾತು! ನನಗೆ ಉತ್ಸಾಹ ತಡೆಯದೆ, ಆ ಪೆನಾಲ್ಟಿ ಎಷ್ಟು ಕೂದಲೆಳೆಯಲ್ಲಿ ತಪ್ಪಿತೆಂದು ತೋರಿಸಲು, ಗೋಲಿನ ಕಂಬದ ಎತ್ತರಕ್ಕೆ ಕೈ ಎತ್ತಿದೆ. ಅದೇ ಕ್ಷಣಕ್ಕೆ ಶೇಟರು “ಸೋಮಿಯವ್ರನ್ನ ತೆಗೀಬೇಕು ಅನ್ನೋರು ಕೈ ಎತ್ತಿ” ಎಂದಿದ್ದರು.

“ನಂದೊಂದು, ಹೆಗಡೇರದ್ದೊಂದು. ಮುಗೀತು.”

ಅಲ್ಲ ಅಲ್ಲವೆಂದು ಎರಡೂ ಕೈ ಬೀಸಿದೆ. “ನೋಡಿ, ಈಗ ಎರಡೂ ಕೈ ಎತ್ತಿದ್ರು” ಎಂದು ಶೇಟರು ಮೆಚ್ಚಿದರು. ಚೀಟಿಯಲ್ಲಿ ಬರೆದು ಕೊಟ್ಟೆ. ಆದರೆ ಡಾಕ್ಟರರ ಚೀಟಿ ಓದಿ ಓದಿ ನನ್ನ ಅಕ್ಷರವೂ ಅವರದೇ ಜಾತಿಗೆ ಸೇರಿಹೋಗಿರುವುದರಿಂದ, ಶೇಟರು ಅದನ್ನು “ತುಂಬಾ ಸಂತೋಷ” ಎಂದು ಓದಿದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ತಮ್ಮನ್ನು ಕರೆದು ಹೇಳಿದಾಗ ತಾವು ಜಗಳ ಮಾಡಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, “ಆತು. ಜರ್ಸಿ ತೊಳ್ದು ಒಣಗೂಕೆ ಹಾಕಿದ್ದೆ, ಸಂಜಿಗೆ ತೆಗ್ದಿಡಿ” ಎಂದಷ್ಟೇ ಹೇಳಿ ಹೋದಿರಿ. ಮಾನ್ಯರೇ, ಬೈದಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಆ ಸಂಜೆ ನಾನೇ ಹಗ್ಗದಿಂದ ಜರ್ಸಿಗಳನ್ನು ತೆಗೆದೆ. ಒಂದೊಂದನ್ನೂ ಮಡಿಸುವಾಗ ಎದೆಯಲ್ಲಿ ಆದ ಸಂಕಟಕ್ಕೆ ನನ್ನ ಅಂಗಡಿಯಲ್ಲಿ ಔಷಧ ಇರಲಿಲ್ಲ.

ಊರು ಸುಮ್ಮನಿರಲಿಲ್ಲ. ಮೀನು ಮಾರುವ ಕಾಮಿ, ತುಂಬಿದ ಬುಟ್ಟಿಯ ಮುಂದೆ ಕೂತು, ಶೇಟರಿಗೆ “ಬಂಗಡೆ ಇಲ್ಲ” ಎಂದಳು. ಬುಟ್ಟಿಯಲ್ಲಿರುವುದೇನೆಂದು ಕೇಳಿದರೆ, “ಬಂಗಡೆಯೇ. ಸೋಮಿನ ತೆಗ್ದವ್ರಿಗೆ ಇಲ್ಲ” ಎಂದಳು. ಬಜಾರಿನ ಉಳಿದ ಬುಟ್ಟಿಗಳಲ್ಲೂ ಅಂದಿನಿಂದ ಅದೇ ಬರಗಾಲ. ಮೀನು ತಿನ್ನದ ನನಗೆ ಈ ಶಿಕ್ಷೆ ತಟ್ಟಲಿಲ್ಲವಾದ್ದರಿಂದ ಜನ ನನ್ನ ಅಂಗಡಿಗೆ ಬಂದು, “ಹೆಗಡೇರೆ, ಕೈ ತನ್ನಷ್ಟಕ್ಕೆ ಮೇಲೇಳೂ ರೋಗಕ್ಕೆ ಮಾತ್ರಿ ಉಂಟಾ?” ಎಂದು ಕೇಳತೊಡಗಿದರು. ವೇದಾವತಿ ಮನೆಯಲ್ಲಿ ಮಾತು ಬಿಟ್ಟಳು. ನನಗೂ ದನಿಯಿಲ್ಲದ್ದರಿಂದ ಮನೆ ಬಹಳ ಶಾಂತವಾಗಿತ್ತು. ಕೆಲವೇ ದಿನ ಸಾರಿನಲ್ಲಿ ಸೊಪ್ಪು ತಿಂದ ಶೇಟರು ತಾವಾಗಿಯೇ ಮತ್ತೆ ಸಭೆ ಕರೆದರು. ಈ ಸಲ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ತಮ್ಮನ್ನು ಮುಂದುವರಿಸಬೇಕೆನ್ನುವವರು ಎಂದಾಗ ಮಾತ್ರ ಹೊರತೆಗೆದೆ. ಮೂರಕ್ಕೆ ಮೂರು ಮತ.

ಆದರೆ ಅಷ್ಟರಲ್ಲಿ ಕಾಳಿ ರಾಯಲ್ಸಿನವರು ತಮ್ಮನ್ನು ಅವರ ಮ್ಯಾನೇಜರಾಗಲು ಕರೆದಿದ್ದರೆಂಬ ಸುದ್ದಿ ಬಂದಿತ್ತು. ನಾವು ಮೂವರೂ ಹಟ್ಟಿಕೇರಿಗೆ ಓಡಿ ಬಂದಾಗ ತಾವು ಮನೆಯ ಹಿಂದೆ ಹರಿವೆ ಸೊಪ್ಪಿನ ಮಡಿಗೆ ನೀರು ಹಾಕುತ್ತಿದ್ದಿರಿ. ಶೇಟರು ದೊಡ್ಡ ಭಾಷಣ ತಯಾರಿಸಿದ್ದರು; ಮಡಿಯ ಕೆಸರಿನಲ್ಲಿ ಚಪ್ಪಲಿ ಸಿಕ್ಕಿಬಿದ್ದು ಅರ್ಧವೂ ಆಗಲಿಲ್ಲ. ನಾನು ಒಳಗೆ ಉಳಿದಿದ್ದ ಚೂರು ದನಿಯನ್ನೆಲ್ಲ ಒಟ್ಟುಮಾಡಿ, “ಹೋಗಬೇಡಿ” ಎಂದೆ. ಅದು ಕಪ್ಪೆ ಕೂಗಿದಂತಿತ್ತು. ತಾವು ಕೊಡ ಕೆಳಗಿಟ್ಟು ನಕ್ಕಿರಿ.

“ಆ ರಾಯಲ್ಸಿನವ್ರ ಮೈದಾನ ನೋಡೂಕೆ ಹೋಗಿದ್ದೆ ಹೆಗಡೇರೆ. ಚಲೋ ಹುಲ್ಲು, ಚಲೋ ಬೂಟು, ಎಲ್ಲಾ ಚಲೋ. ಹುಡುಗ್ರು ಒಂದು ತಾಸು ಆಡಿದ್ರು. ಒಬ್ನೂ ನಗ್ಲಿಲ್ಲ. ನಂಗೆ ಹೆದ್ರಿಕೆ ಆತು, ಬಂದ್ಬಿಟ್ಟೆ.”

ಶೇಟರು ಕೆಸರಿನಲ್ಲಿ ನಿಂತೇ ಕಣ್ಣೊರೆಸಿಕೊಂಡರು. ಹರಿವೆಯ ಮಡಿಯನ್ನು ತುಳಿಯುತ್ತಿದ್ದಾರೆಂದು ತಾವು ಅವರನ್ನು ಅಲ್ಲಿಂದ ಆಚೆ ದೂಡಿದಿರಿ.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆಗಳು ಹೀಗಿವೆ. ಬರುವ ವರ್ಷ ಬಂಗಡೆಗಳು ಭಾನುವಾರ ಮಾತ್ರ ದಂಡೆಗೆ ಬಾರದಂತೆ ಸಮುದ್ರದೊಂದಿಗೆ ಮಾತಾಡಿಕೊಳ್ಳಬೇಕು. ಹುಬ್ಬಳ್ಳಿಗೆ ಹೋದ ಚೆಂಡುಗಳನ್ನು ವಾಪಸು ಕರೆಸಬೇಕು. ಮಾಬ್ಲೇಶ್ವರನಿಗೆ ಎಂದೆಂದಿಗೂ ಕಣ್ಣು ಬಿಡಲು ಅವಕಾಶ ಕೊಡಬಾರದು. ಇದ್ಯಾವುದೂ ಆಗದಿದ್ದರೆ ಚಿಂತೆಯಿಲ್ಲ, ಮತ್ತೆ ಐದನೆಯವರಾಗೋಣ. ಆದರೆ ಇಂಥದೇ ಐದು ಆಗಬೇಕು, ನನ್ನನ್ನು ಮಲಗಲು ಬಿಡದ ಐದು.

ನಿದ್ದೆ, ದನಿ, ಮರ್ಯಾದೆ ಈ ಮೂರನ್ನೂ ತಮಗೊಪ್ಪಿಸಿ ಹಗುರಾಗಿರುವ,

ತಮ್ಮ ವಿಶ್ವಾಸಿ,
ಉಮಾಮಹೇಶ್ವರ ಹೆಗಡೆ
ಅಂಕೋಲಾ

ಮರೆತ ಮಾತು: ಅಧ್ಯಕ್ಷ ಶ್ರೀಕಾಂತ ಶೇಟರು ಈಚೆಗೆ ಮದುವೆ ಮನೆಗಳಲ್ಲೂ ಬಸ್ ನಿಲ್ದಾಣದಲ್ಲೂ ಸಿಕ್ಕವರನ್ನೆಲ್ಲ ನಿಲ್ಲಿಸಿ, ತಮ್ಮಂಥ ಪ್ರತಿಭೆಯನ್ನು ಮೊಟ್ಟಮೊದಲು ಗುರುತಿಸಿದ್ದು ತಾನೇ ಎಂದು ಹೇಳುತ್ತಿದ್ದಾರೆ. ದಯಮಾಡಿ ತಿದ್ದಬೇಡಿ. ಹಾಗೆ ಹೇಳಿಕೊಂಡು ತಿರುಗುವಷ್ಟು ದಿನ ಅವರು ತಮ್ಮನ್ನು ತೆಗೆಯುವ ಹಾಗಿಲ್ಲ.